ಟ್ಯೂಬ್ ತೆಗೆದ ಮೇಲೆ ಗಾಳಿಯ ಹೊಣೆ ರಿಮ್ಮಿನದು

ಚಿಕ್ಕಮಗಳೂರಿನಲ್ಲಿ ಗೇರ್ ಸೈಕಲ್ ಕೊಂಡವರು ಒಂದು ಮಳೆಗಾಲ ಕಳೆಯುವುದರೊಳಗೆ ಕೇಳುವ ಪ್ರಶ್ನೆಯೊಂದಿದೆ: ಇರುವ ಚಕ್ರವನ್ನೇ ಟ್ಯೂಬ್‌ಲೆಸ್ ಮಾಡಿಕೊಳ್ಳಬಹುದೇ? ಸ್ಕೂಟರು, ಬೈಕು, ಕಾರುಗಳಿಗೆಲ್ಲ ಟ್ಯೂಬ್‌ಲೆಸ್ ಟೈರ್ ಬಂದು ವರ್ಷಗಳೇ ಆಗಿರುವಾಗ ಸೈಕಲ್ಲಿಗೆ ಮಾತ್ರ ಟ್ಯೂಬಿನ ಗೋಜು ಏಕೆ ಎಂದು ಅನ್ನಿಸುವುದು ಸಹಜ. ಕೇಳುವವರ ಗಮನವೆಲ್ಲ ಯಾವ ಟೈರ್, ತೂತು ಮುಚ್ಚಲು ಒಳಗೆ ಸುರಿಯುವ ದ್ರವ ಅಂದರೆ ಸೀಲಂಟ್ ಯಾವುದು, ಎಷ್ಟು ಖರ್ಚು ಎಂಬುದರ ಮೇಲಿರುತ್ತದೆ. ನಾನು ಮೊದಲು ಟೈರನ್ನು ಒಂದು ಬದಿ ಕಳಚಿ ರಿಮ್ಮಿನ ಒಳಮೈಯನ್ನು ತೋರಿಸಿ ಎನ್ನುತ್ತೇನೆ. ಟ್ಯೂಬ್ ಇರುವಷ್ಟು ದಿನ ರಿಮ್ ಬರಿಯ ಆಸರೆ, ಗಾಳಿ ಹಿಡಿದಿಡುವ ಕೆಲಸ ಅದರದಲ್ಲ. ಟ್ಯೂಬನ್ನು ತೆಗೆದ ಕ್ಷಣದಿಂದ ಟೈರ್ ಮತ್ತು ರಿಮ್ ಸೇರಿ ಗಾಳಿಯಾಡದ ಒಂದೇ ಪಾತ್ರೆಯಾಗಬೇಕು. ಅಂತಹ ಪಾತ್ರೆಯಾಗುವ ಯೋಗ್ಯತೆ ಎಲ್ಲ ರಿಮ್‌ಗಳಿಗೂ ಇರುವುದಿಲ್ಲ ಎಂಬುದನ್ನು ಒಪ್ಪಿಕೊಂಡವರಿಗೆ ಉಳಿದ ಕೆಲಸ ಸುಲಭ.

ಸೈಕಲ್ ರಿಮ್ಮಿನಲ್ಲಿ ಹುಟ್ಟಿನಿಂದಲೇ ತೂತುಗಳಿರುತ್ತವೆ. ಕಡ್ಡಿಗೊಂದರಂತೆ 32 ಅಥವಾ 36, ಜೊತೆಗೆ ವಾಲ್ವಿಗೊಂದು. ನಮ್ಮ ಹಳೆಯ ಕಪ್ಪು ಸೈಕಲ್ಲುಗಳಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40 ಕಡ್ಡಿಗಳಿರುತ್ತಿದ್ದವು. ಕಾರಿನ ಚಕ್ರಕ್ಕೆ ಕಡ್ಡಿಯ ತೂತುಗಳ ಕಾಟವಿಲ್ಲ, ಆದ್ದರಿಂದಲೇ ಅಮೆರಿಕದ ಕಾರುಗಳು 1950ರ ದಶಕದ ಮಧ್ಯಭಾಗದಲ್ಲಿಯೇ ಟ್ಯೂಬನ್ನು ಬಿಟ್ಟವು. ಸೈಕಲ್ ಅಲ್ಲಿಂದ ಮುಂದೆಯೂ ನಾಲ್ಕು ದಶಕಗಳ ಕಾಲ ಕಾಯಬೇಕಾಯಿತು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಪೇಟೆಂಟ್ ಪಡೆದ ಗಾಳಿ ಟೈರ್ ಚಕ್ರಕ್ಕೆ ಅಂಟಿಕೊಂಡಿರುತ್ತಿತ್ತು, ತೂತಾದರೆ ರಿಪೇರಿ ದೊಡ್ಡ ರಾಮಾಯಣವಾಗುತ್ತಿತ್ತು. 1891ರಲ್ಲಿ ಮಿಶೆಲಿನ್ ಸಹೋದರರು ಬಿಚ್ಚಿ ಹಾಕಬಹುದಾದ ಟೈರನ್ನು ತಂದರು, ಅದೇ ವರ್ಷ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಓಟವನ್ನು ಶಾರ್ಲ್ ತೆರೋಂ ಆ ಟೈರಿನ ಮೇಲೆಯೇ ಗೆದ್ದರು. ಟೈರನ್ನು ದಾರಿ ಬದಿಯಲ್ಲಿ ಕಳಚಿ, ಟ್ಯೂಬನ್ನು ಹೊರಗೆಳೆದು, ತೇಪೆ ಹಾಕಿ ಮತ್ತೆ ಸೇರಿಸಬಹುದು ಎನ್ನುವ ಈ ಅನುಕೂಲವೇ ಟ್ಯೂಬಿಗೆ ಅಷ್ಟು ದೀರ್ಘ ಆಯುಷ್ಯವನ್ನು ಕೊಟ್ಟಿತು.

1999ರಲ್ಲಿ ಫ್ರಾನ್ಸಿನ ಮಾವಿಕ್ ಕಂಪನಿಯು ಮಿಶೆಲಿನ್ ಮತ್ತು ಹಚಿನ್ಸನ್ ಕಂಪನಿಗಳೊಡನೆ ಸೇರಿ ಮೌಂಟನ್ ಸೈಕಲ್ಲಿಗೆ ಟ್ಯೂಬ್‌ಲೆಸ್ ವ್ಯವಸ್ಥೆಯೊಂದನ್ನು ತಂದಿತು. ಅವರ ರಿಮ್ಮಿನ ಒಳಗೋಡೆಯಲ್ಲಿ ಕಡ್ಡಿಗೆ ತೂತುಗಳೇ ಇರಲಿಲ್ಲ. ಅಂತಹ ರಿಮ್ ತಯಾರಿಸುವುದು ದುಬಾರಿಯ ಕೆಲಸ. ಆಮೇಲಿನ ಕೆಲವೇ ವರ್ಷಗಳಲ್ಲಿ ಅಮೆರಿಕದ ಸ್ಟಾನ್ಸ್ ನೋಟ್ಯೂಬ್ಸ್ ಕಂಪನಿಯು ತೂತಿರುವ ಸಾಮಾನ್ಯ ರಿಮ್ಮಿಗೇ ಗಟ್ಟಿ ಟೇಪ್ ಸುತ್ತಿ, ಬುಡದಲ್ಲಿ ರಬ್ಬರ್ ಇರುವ ವಾಲ್ವ್ ಕೂರಿಸಿ, ಒಳಗೆ ಲೇಟೆಕ್ಸ್ ದ್ರವ ಸುರಿಯುವ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಇಂದು ಚಕ್ರವನ್ನು ಟ್ಯೂಬ್‌ಲೆಸ್ ಮಾಡಿಸುವುದು ಎಂದು ನಾವು ಹೇಳುವುದು ಈ ಎರಡನೆಯ ದಾರಿಯನ್ನೇ.

ನಮ್ಮ ಜಿಲ್ಲೆಯಲ್ಲಿ ಇದರ ಪ್ರಯೋಜನ ಊರಿನಿಂದ ಊರಿಗೆ ಬದಲಾಗುತ್ತದೆ. ಕಡೂರು, ಬೀರೂರು, ಅಜ್ಜಂಪುರದ ಬಯಲುಸೀಮೆಯಲ್ಲಿ ಸೈಕಲ್ಲಿನ ಶತ್ರು ಜಾಲಿಮುಳ್ಳು. ಹೊಲದ ಬೇಲಿಗೆಂದು ಎಳೆದುಕೊಂಡು ಹೋದ ಜಾಲಿಯ ಕೊಂಬೆಯಿಂದ ಉದುರಿದ ಮುಳ್ಳುಗಳು ಡಾಂಬರಿನ ಅಂಚಿನಲ್ಲಿ, ಸರಿಯಾಗಿ ಸೈಕಲ್ ಸಾಗುವ ಜಾಗದಲ್ಲಿಯೇ ಬಿದ್ದಿರುತ್ತವೆ. ಅವು ಮಾಡುವ ತೂತು ಸೂಜಿಮೊನೆಯಷ್ಟು ಸಣ್ಣದು. ಅಂತಹ ತೂತನ್ನು ಸೀಲಂಟ್ ಸವಾರನಿಗೆ ಗೊತ್ತಾಗುವ ಮೊದಲೇ ಮುಚ್ಚಿಬಿಡುತ್ತದೆ. ಆಲ್ದೂರು, ಬಾಳೆಹೊನ್ನೂರು, ಮೂಡಿಗೆರೆಯ ಮಲೆನಾಡಿನ ಕಥೆ ಬೇರೆ. ಅಲ್ಲಿ ತೋಟದ ಬೇಲಿಯಿಂದ ತುಂಡಾಗಿ ಬಿದ್ದ ಮುಳ್ಳುತಂತಿ ಇರುತ್ತದೆ, ಮರಗಸಿ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರುವ ಕೆಲಸ, ಮಾಡುವ ದಿನಗಳಲ್ಲಿ ಕಡಿದು ದಾರಿಗೆ ಕೆಡವಿದ ಹಾಲುವಾಣದ ಮುಳ್ಳುಕೊಂಬೆ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ ಕಾಫಿತೋಟದ ಒಳದಾರಿಗಳ ಚೂಪುಗಲ್ಲುಗಳಿರುತ್ತವೆ. ಒದ್ದೆಯಾದ ರಬ್ಬರ್ ಒಣ ರಬ್ಬರಿಗಿಂತ ಸುಲಭವಾಗಿ ಸೀಳಿಹೋಗುತ್ತದೆ. ನೀರು ಅಲ್ಲಿ ಎಣ್ಣೆಯ ಕೆಲಸ ಮಾಡಿ, ಕಲ್ಲಿನ ಅಂಚು ಟೈರಿನೊಳಕ್ಕೆ ಜಾರಿ ಇಳಿಯಲು ಅವಕಾಶ ಮಾಡಿಕೊಡುತ್ತದೆ. ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನಲ್ಲಿ ಪಂಕ್ಚರ್ ಹೆಚ್ಚಾಗುವುದಕ್ಕೆ ಇದೂ ಒಂದು ಕಾರಣ.

ಆದರೂ ಮಲೆನಾಡಿನ ಸವಾರನಿಗೆ ಟ್ಯೂಬ್‌ಲೆಸ್ಸಿನಿಂದ ದೊರೆಯುವ ದೊಡ್ಡ ಲಾಭ ಮುಳ್ಳಿಗೆ ಸಂಬಂಧಿಸಿದ್ದಲ್ಲ, ಗಾಳಿಯ ಒತ್ತಡಕ್ಕೆ ಸಂಬಂಧಿಸಿದ್ದು ಎಂಬುದು ನನ್ನ ಅಭಿಪ್ರಾಯ. ಟ್ಯೂಬ್ ಇರುವ ಚಕ್ರ ಒಂದು ಚೂಪುಗಲ್ಲಿಗೆ ಬಡಿದಾಗ ಟೈರ್ ಪೂರ್ತಿ ತಗ್ಗಿ, ಟ್ಯೂಬ್ ಕಲ್ಲಿಗೂ ರಿಮ್ಮಿನ ಅಂಚಿಗೂ ನಡುವೆ ಸಿಕ್ಕಿಕೊಂಡು, ಪಕ್ಕಪಕ್ಕದಲ್ಲಿ ಎರಡು ಸೀಳು ಬೀಳುತ್ತವೆ. ಈ ಜೋಡಿ ಸೀಳಿಗೆ ಹೆದರಿಯೇ ನಾವು ಟೈರನ್ನು ಕಲ್ಲಿನಂತೆ ಗಟ್ಟಿಯಾಗಿ ಗಾಳಿ ತುಂಬಿಸಿ ಓಡಿಸುತ್ತೇವೆ. ಹಾಗೆ ಗಟ್ಟಿಯಾದ ಟೈರ್ ಒದ್ದೆ ಬೇರಿನ ಮೇಲೆ, ಪಾಚಿ ಹಿಡಿದ ಸಿಮೆಂಟಿನ ಮೇಲೆ, ಉರುಟು ಜಲ್ಲಿಯ ಮೇಲೆ ಹಿಡಿತವಿಲ್ಲದೆ ಪುಟಿಯುತ್ತದೆ. ಟ್ಯೂಬೇ ಇಲ್ಲದಿದ್ದರೆ ಸಿಕ್ಕಿಕೊಂಡು ಸೀಳಲು ಒಳಗೆ ಏನೂ ಇರುವುದಿಲ್ಲ. 2.1 ಇಂಚಿನ ಟೈರಿನಲ್ಲಿ ಟ್ಯೂಬ್ ಇದ್ದಾಗ 40 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಬೇಕೆನ್ನಿಸುತ್ತಿದ್ದ ದಾರಿಯಲ್ಲಿ ಈಗ 28ರಿಂದ 30ರಲ್ಲಿ ನಾನು ನೆಮ್ಮದಿಯಿಂದ ಹೋಗುತ್ತೇನೆ. ಟೈರ್ ಕಲ್ಲನ್ನು ಅಪ್ಪಿಕೊಂಡು ದಾಟುತ್ತದೆ, ಕೈಗೆ ಬರುವ ನಡುಕ ತಗ್ಗುತ್ತದೆ, ಏರಿನಲ್ಲಿ ಹಿಂದಿನ ಚಕ್ರ ಗಿರ್ರೆಂದು ಜಾರುವುದು ಕಡಿಮೆಯಾಗುತ್ತದೆ.

ಈಗ ರಿಮ್ಮಿನ ಪರೀಕ್ಷೆ. ಮೊದಲು ನೋಡಬೇಕಾದದ್ದು ಅದು ಡಬಲ್ ವಾಲ್, ಅಂದರೆ ಎರಡು ಗೋಡೆಯದು, ಹೌದೋ ಅಲ್ಲವೋ ಎಂಬುದನ್ನು. ಡಬಲ್ ವಾಲ್ ಅಲ್ಯೂಮಿನಿಯಂ ರಿಮ್ಮಿನಲ್ಲಿ ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟಿನ, ಅಂದರೆ ನಿಪ್ಪಲ್ಲಿನ, ತಲೆಗಳು ಹೊರಗೋಡೆಯ ಮೇಲೆ ಕೆಳಗೆಲ್ಲೋ ಕುಳಿತಿರುತ್ತವೆ, ಟೈರಿನ ಕಡೆಗಿರುವ ಒಳಗೋಡೆಯಲ್ಲಿ ಬರಿಯ ದುಂಡು ತೂತುಗಳು ಕಾಣುತ್ತವೆ. ಆ ಗೋಡೆ ನುಣುಪಾಗಿರುವುದರಿಂದ ಟೇಪ್ ಚೆನ್ನಾಗಿ ಕೂರುತ್ತದೆ. ಸಿಂಗಲ್ ವಾಲ್ ರಿಮ್ಮಿನಲ್ಲಿ ನಿಪ್ಪಲ್ಲಿನ ತಲೆಗಳೇ ಮೇಲೆದ್ದು ನಿಂತಿರುತ್ತವೆ, ಗಾಳಿಯ ಒತ್ತಡ ಬಿದ್ದೊಡನೆ ಅವು ಟೇಪನ್ನು ಚುಚ್ಚುತ್ತವೆ. ಅದನ್ನು ಅಲ್ಲಿಗೇ ಕೈಬಿಡುವುದು ಲೇಸು. ಎರಡನೆಯದಾಗಿ ರಿಮ್ಮಿನ ಎರಡೂ ಅಂಚುಗಳ ಒಳಭಾಗವನ್ನು ಬೆರಳಿನಿಂದ ಸವರಬೇಕು. ಟೈರಿನ ತಂತಿ ಅಂಚು, ಅಂದರೆ ಬೀಡ್, ಕೂರುವ ಸಮತಟ್ಟಾದ ಪಟ್ಟಿ ಅಲ್ಲಿರಬೇಕು, ನಡುವೆ ಟೈರ್ ಹಾಕುವಾಗ ಬೀಡ್ ಇಳಿಯಲು ತಗ್ಗಾದ ಕಾಲುವೆ ಇರಬೇಕು. ಟ್ಯೂಬ್‌ಲೆಸ್‌ಗಾಗಿಯೇ ಮಾಡಿದ ರಿಮ್ಮಿನಲ್ಲಿ ಪಟ್ಟಿಗೂ ಕಾಲುವೆಗೂ ನಡುವೆ ಸಣ್ಣ ದಿಬ್ಬವೊಂದಿರುತ್ತದೆ. ತಿರುವಿನಲ್ಲಿ ಟೈರ್ ಪಕ್ಕಕ್ಕೆ ಒತ್ತಿಕೊಂಡಾಗ ಬೀಡ್ ಕಾಲುವೆಗೆ ಜಾರದಂತೆ ಆ ದಿಬ್ಬ ತಡೆಯುತ್ತದೆ. ಸಾಮಾನ್ಯ ರಿಮ್ಮಿನಲ್ಲಿ ಅದಿಲ್ಲ. ಸಾಮಾನ್ಯ ಚಕ್ರವನ್ನು ಪರಿವರ್ತಿಸುವಾಗ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಈ ಕೊರತೆಯೇ ಮೂಲ.

ಮೂರನೆಯದು ಬಿಗಿ. ಟ್ಯೂಬ್‌ಲೆಸ್ ರೆಡಿ ಎಂದು ಬರೆದಿರುವ ಟೈರನ್ನು ಆ ರಿಮ್ಮಿನ ಮೇಲೆ ಹಾಕಿದಾಗ ಹೆಬ್ಬೆರಳುಗಳಿಗೆ ಸಾಕಷ್ಟು ಕೆಲಸ ಸಿಗಬೇಕು. ಸಡಿಲವಾಗಿ, ತಾನೇ ತಾನಾಗಿ ಬಿದ್ದು ಕೂರುವ ಟೈರ್ ಗಾಳಿ ತುಂಬುವಾಗಲೂ ಸತಾಯಿಸುತ್ತದೆ, ಓಡಿಸುವಾಗಲೂ ನಂಬಿಕೆಗೆ ಅರ್ಹವಲ್ಲ. ಟೇಪನ್ನು ಇನ್ನೊಂದು ಸುತ್ತು ಹೆಚ್ಚಿಸಿ ತುಸು ಬಿಗಿ ತರಬಹುದು. ಅದಕ್ಕೂ ಬಗ್ಗದಿದ್ದರೆ ಆ ಜೋಡಿಯನ್ನು ಬಿಟ್ಟುಬಿಡಬೇಕು. ಹಳೆಯ ಸಾಮಾನ್ಯ ಟೈರನ್ನೇ ಬಳಸುತ್ತೇನೆ ಎನ್ನುವವರೂ ಇದ್ದಾರೆ. ಅಂತಹ ಟೈರಿನ ಪಕ್ಕದ ಬಟ್ಟೆ ಗಾಳಿಯನ್ನು ತಡೆಯುವಷ್ಟು ದಟ್ಟವಾಗಿರುವುದಿಲ್ಲ, ಬೀಡ್ ಕೂಡ ಒತ್ತಡಕ್ಕೆ ಹಿಗ್ಗುತ್ತದೆ. ರಿಮ್ಮಿನಲ್ಲಿ ಹೊಂದಾಣಿಕೆ ಮಾಡಿಕೊಳ್ಳುವವರು ಟೈರಿನಲ್ಲಾದರೂ ಹೊಂದಾಣಿಕೆ ಮಾಡಿಕೊಳ್ಳಬಾರದು.

ಟೇಪ್ ಸುತ್ತುವ ಹೊತ್ತನ್ನು ನಾನು ಯಾವತ್ತೂ ಅವಸರಕ್ಕೆ ಬಿಟ್ಟುಕೊಡುವುದಿಲ್ಲ. ರಿಮ್ಮಿನ ಹಳೆಯ ರಬ್ಬರ್ ಪಟ್ಟಿಯನ್ನು ಕಿತ್ತು, ಅಂಟಿನ ಕಲೆ, ಎಣ್ಣೆ, ಧೂಳು ಎಲ್ಲವನ್ನೂ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಟೇಪ್ ರಿಮ್ಮಿನ ಒಳ ಅಗಲಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚು ಅಗಲವಿರಬೇಕು, ಏಕೆಂದರೆ ಅದು ಕಾಲುವೆಯ ತಗ್ಗಿಗೆ ಇಳಿದು, ಮತ್ತೆ ಏರಿ, ಬೀಡ್ ಕೂರುವ ಪಟ್ಟಿಯನ್ನು ಎರಡೂ ಕಡೆ ಮುಚ್ಚಬೇಕು. ವಾಲ್ವಿನ ತೂತಿನ ಹತ್ತಿರದಿಂದ ಶುರು ಮಾಡಿ, ಒಂದು ಕೈಯಲ್ಲಿ ಟೇಪನ್ನು ಬಿಗಿಯಾಗಿ ಎಳೆದು ಹಿಡಿದು, ಇನ್ನೊಂದು ಕೈಯ ಹೆಬ್ಬೆರಳನ್ನು ನಡುವಿನಿಂದ ಅಂಚಿಗೆ ಒತ್ತುತ್ತ ಸಾಗಬೇಕು. ಕಡ್ಡಿಯ ಪ್ರತಿ ತೂತಿನ ಮೇಲೂ ಟೇಪ್ ಚರ್ಮವಾದ್ಯದಂತೆ ಬಿಗಿದು ನಿಲ್ಲುತ್ತದೆ, ಎಲ್ಲಿಯಾದರೂ ಸುಕ್ಕು ಬಿದ್ದರೆ ಆ ಸುಕ್ಕಿನ ಉದ್ದಕ್ಕೂ ಗಾಳಿ ದಾರಿ ಹುಡುಕುತ್ತದೆ. ಎರಡು ಸುತ್ತು ಮುಗಿದ ಮೇಲೆ ವಾಲ್ವಿನ ಜಾಗದಲ್ಲಿ ಬ್ಲೇಡಿನಿಂದ ಕೊಯ್ಯಬಾರದು. ಕೊಯ್ದ ಗೆರೆ ಒತ್ತಡಕ್ಕೆ ಮುಂದಕ್ಕೆ ಹರಿಯುತ್ತ ಹೋಗುತ್ತದೆ. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ತೂತಿನ ಅಂಚು ಕರಗಿ ಗಟ್ಟಿಯಾಗುತ್ತದೆ. ಇಷ್ಟಾದ ಮೇಲೆ ಒಮ್ಮೆ ಟ್ಯೂಬ್ ಹಾಕಿಯೇ ಟೈರ್ ಕೂರಿಸಿ, ಗಾಳಿ ತುಂಬಿ, ರಾತ್ರಿಯೆಲ್ಲ ಬಿಡುವುದು ಒಳ್ಳೆಯದು. ಟ್ಯೂಬ್ ಟೇಪನ್ನು ಒಳಗಿನಿಂದ ಒತ್ತಿ ಅಂಟಿಸುತ್ತದೆ, ಟೈರಿನ ಮಡಿಕೆಗಳೂ ನೇರವಾಗುತ್ತವೆ. ಬೆಳಗ್ಗೆ ಒಂದೇ ಬದಿಯನ್ನು ಕಳಚಿ ಟ್ಯೂಬನ್ನು ತೆಗೆದರೆ ಇನ್ನೊಂದು ಬದಿ ಆಗಲೇ ತನ್ನ ಜಾಗದಲ್ಲಿ ಕುಳಿತಿರುತ್ತದೆ.

ಉಳಿದ ಬದಿಯನ್ನು ಕೂರಿಸಲು ಕೈಪಂಪಿನ ಗಾಳಿ ಸಾಲದು. ಗಾಳಿ ಒಮ್ಮೆಗೇ ನುಗ್ಗಬೇಕು, ಇಲ್ಲದಿದ್ದರೆ ಬಂದಷ್ಟೂ ಸಂದಿಯಿಂದ ಹೊರಟುಹೋಗುತ್ತದೆ. ನಾನು ಚಕ್ರವನ್ನು ಹಿಡಿದುಕೊಂಡು ಮನೆಯ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗುತ್ತೇನೆ. ಅಂಗಡಿಯ ಹಿರಿಯರು ಮೊದಲ ಸಲ ಚಕ್ರವನ್ನು ತಿರುಗಿಸಿ ನೋಡಿ, “ಇಷ್ಟೊಂದು ಕಡ್ಡಿ ತೂತು ಇದಾವಲ್ಲ ಸಾರ್, ಗಾಳಿ ಹೆಂಗೆ ನಿಲ್ಲತ್ತೆ?” ಎಂದು ಕೇಳಿದ್ದರು. ಟೇಪನ್ನು ತೋರಿಸಿದೆ. ಅವರು ಉಗುರಿನಿಂದ ಅದರ ಅಂಚನ್ನು ಕೆರೆದು ನೋಡಿ, ಮರುಮಾತಿಲ್ಲದೆ ಕಾರಿನ ಟೈರಿಗೆ ಬಳಸುವ ಸೋಪುನೀರಿನ ಡಬ್ಬಿಯನ್ನು ತಂದು ಬೀಡಿನ ಸುತ್ತ ಬ್ರಷ್ಷಿನಿಂದ ಸವರಿದರು. ಸೈಕಲ್ಲಿನ ತೆಳುವಾದ ಪ್ರೆಸ್ಟಾ ವಾಲ್ವಿನ ಒಳತಿರುಳನ್ನು ಬಿಚ್ಚಿ, ಹಿತ್ತಾಳೆಯ ಸಣ್ಣ ಅಡಾಪ್ಟರ್ ಸಿಕ್ಕಿಸಿ, ಕಂಪ್ರೆಸರಿನ ಪೈಪ್ ಹಿಡಿದೊಡನೆ ಟೈರ್ ಉಬ್ಬಿ, ಟಪ್, ಟಪ್ ಎಂದು ಬೀಡ್ ಒಂದೊಂದು ಕಡೆಯಿಂದ ಅಂಚಿಗೆ ಏರಿ ಕುಳಿತಿತು. ಆ ಸದ್ದು ಕೇಳದೆ ಮುಂದಿನ ಹೆಜ್ಜೆ ಇಡಬಾರದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ತೆಳುಗೆರೆ ರಿಮ್ಮಿನಿಂದ ಎಲ್ಲೆಡೆಯೂ ಒಂದೇ ದೂರದಲ್ಲಿದೆಯೇ ಎಂದೂ ನೋಡಿಕೊಳ್ಳಬೇಕು. ಕಂಪ್ರೆಸರ್ ಹಿಡಿದಾಗ ಒತ್ತಡದ ಮೇಲೆ ಕಣ್ಣಿರಲೇಬೇಕು, ಸಾಮಾನ್ಯ ರಿಮ್ಮಿನ ಮೇಲೆ ಅಗಲ ಟೈರನ್ನು ಕೂರಿಸುವಾಗ 40 ಪಿಎಸ್‌ಐ ದಾಟಲು ನಾನು ಬಿಡುವುದಿಲ್ಲ.

ಆಮೇಲೆ ಸೀಲಂಟ್. ಗಾಳಿ ಬಿಟ್ಟು, ವಾಲ್ವಿನ ಮೂಲಕವೇ 29 ಇಂಚಿನ ಚಕ್ರಕ್ಕೆ ಸುಮಾರು 100 ಮಿಲಿಲೀಟರ್ ತುಂಬಿಸಿ, ತಿರುಳನ್ನು ಮತ್ತೆ ಹಾಕಿ, ಗಾಳಿ ತುಂಬಿ, ಚಕ್ರವನ್ನು ಅಲುಗಾಡಿಸಿ, ಬಕೆಟ್ಟಿನ ಬಾಯಿಯ ಮೇಲೆ ಒಂದೊಂದು ಮಗ್ಗುಲಿಗೂ ಮಲಗಿಸಿಡಬೇಕು. ಈ ದ್ರವದಲ್ಲಿ ಏನಿದೆ ಎಂಬುದು ನರಸಿಂಹರಾಜಪುರ, ಕೊಪ್ಪದ ಕಡೆಯ ರಬ್ಬರ್ ತೋಟದವರಿಗೆ ಮೂಗಿನಿಂದಲೇ ತಿಳಿಯುತ್ತದೆ. ಹೆಚ್ಚಿನವು ರಬ್ಬರ್ ಹಾಲಿನಿಂದಲೇ ಮಾಡಿದವು. ಹಾಲು ಹೆಪ್ಪಾಗದಿರಲೆಂದು ಅಮೋನಿಯಾ ಸೇರಿಸಿರುತ್ತಾರೆ, ಬೇಗ ಒಣಗದಿರಲೆಂದು ಗ್ಲೈಕಾಲ್ ಬೆರೆಸುತ್ತಾರೆ, ತೂತಿಗೆ ಅಡ್ಡ ನಿಲ್ಲಲು ಸಣ್ಣ ಕಣಗಳನ್ನು ಹಾಕಿರುತ್ತಾರೆ. ತೋಟದಲ್ಲಿ ಹಾಳೆ ಮಾಡಲು ಅದೇ ಹಾಲಿಗೆ ಫಾರ್ಮಿಕ್ ಆಮ್ಲ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಟೈರಿನ ತೂತಿನಲ್ಲಿ ಆ ಕೆಲಸವನ್ನು ನುಗ್ಗುವ ಗಾಳಿ ಮಾಡುತ್ತದೆ: ಅದರ ರಭಸಕ್ಕೆ ಸಿಕ್ಕಿದ ಹಾಲು ಕಣಗಳ ಸುತ್ತ ಗಂಟುಕಟ್ಟಿ, ಹೊರಗಾಳಿಗೆ ಒಣಗಿ ಬಿರಡೆಯಾಗುತ್ತದೆ. ಸವಾರಿಯ ನಡುವೆ ಗಾಳಿ ತುಂಬಲು ಬಳಸುವ ಇಂಗಾಲದ ಡೈಆಕ್ಸೈಡ್ ಡಬ್ಬಿಗಳನ್ನು ಇಂತಹ ಟೈರಿಗೆ ಬಳಸದಿರುವುದು ಕ್ಷೇಮ. ಆ ಅನಿಲ ನೀರಿನಲ್ಲಿ ಕರಗಿ ತುಸು ಆಮ್ಲವಾಗುವುದರಿಂದ ಕೆಲವು ಸೀಲಂಟ್‌ಗಳು ಟೈರಿನೊಳಗೇ ಮೊಸರಾಗುತ್ತವೆ.

ಮೊದಲ ದಿನ ಟೈರಿನ ಪಕ್ಕದಲ್ಲಿ ಅಲ್ಲಲ್ಲಿ ಬಿಳಿಯ ಸಣ್ಣ ಹನಿಗಳು ಮೂಡುತ್ತವೆ. ಹೆದರಬೇಕಾಗಿಲ್ಲ, ಬಟ್ಟೆಯ ರಂಧ್ರಗಳನ್ನು ದ್ರವ ತುಂಬುತ್ತಿದೆ ಎಂದಷ್ಟೇ ಅರ್ಥ. ಕಡ್ಡಿಯ ಬುಡದಲ್ಲಿ ಹನಿ ಕಂಡರೆ ಮಾತು ಬೇರೆ. ಅದು ಟೇಪ್ ಸೋತಿರುವ ಗುರುತು, ಆ ಚಕ್ರವನ್ನು ಮತ್ತೆ ಬಿಚ್ಚಿ ಮೊದಲಿನಿಂದ ಸುತ್ತಬೇಕು.

ಅಗಲ ಟೈರಿಗೆ ಹೌದೆಂದವನು ರಸ್ತೆ ಸೈಕಲ್ಲಿನ ಸಪೂರ ಟೈರಿಗೆ ಏಕೆ ಬೇಡವೆನ್ನುತ್ತೇನೆ ಎಂದು ಕೇಳುತ್ತಾರೆ. ಟೈರಿನ ಬಟ್ಟೆ ಬೀಡನ್ನು ಎಳೆಯುವ ಬಲ ಒತ್ತಡ ಮತ್ತು ಅಗಲ ಎರಡರ ಜೊತೆಗೂ ಏರುತ್ತದೆ. 53 ಮಿಲಿಮೀಟರ್ ಅಗಲದ ಟೈರಿನಲ್ಲಿ 30 ಪಿಎಸ್‌ಐ ಇದ್ದರೆ ಗುಣಲಬ್ಧ 1590. 28 ಮಿಲಿಮೀಟರಿನ ಟೈರಿನಲ್ಲಿ 80 ಇದ್ದರೆ 2240. ಸಪೂರ ಟೈರಿನ ಬೀಡ್ ಮೇಲಿನ ಎಳೆತವೇ ಹೆಚ್ಚು, ಸೀಲಂಟ್ ಕೂಡ ಅಷ್ಟು ಒತ್ತಡದಲ್ಲಿ ತೂತಿನಲ್ಲಿ ನಿಲ್ಲದೆ ಚಿಮ್ಮಿಹೋಗುತ್ತದೆ. ಟ್ಯೂಬ್‌ಲೆಸ್‌ಗಾಗಿ ಮಾಡದ ರಿಮ್ಮಿನಲ್ಲಿ ಇದು ಜೀವದ ಪ್ರಶ್ನೆಯಾಗುತ್ತದೆ. ಮುಳ್ಳಯ್ಯನಗಿರಿಯ ತುದಿಯಿಂದ ಕೈಮರದ ಮೂಲಕ ಊರಿಗೆ ಇಳಿಯುವಾಗ 800 ಮೀಟರಿಗೂ ಹೆಚ್ಚು ಎತ್ತರವನ್ನು ಬ್ರೇಕಿನ ಮೇಲೆಯೇ ಕಳೆಯಬೇಕು. ರಿಮ್ಮಿಗೆ ಒತ್ತುವ ಬ್ರೇಕ್ ಇದ್ದರೆ ಆ ಶಾಖವೆಲ್ಲ ರಿಮ್ಮಿಗೇ ಹೋಗುತ್ತದೆ. ಒಳಗಿನ ಗಾಳಿಯ ಒತ್ತಡ ಏರುತ್ತದೆ, ಟೇಪಿನ ಅಂಟು ಮೆದುವಾಗುತ್ತದೆ. ತಿರುವಿನಲ್ಲಿ ಮುಂದಿನ ಟೈರ್ ಅಂಚು ಬಿಟ್ಟರೆ ಪಕ್ಕದಲ್ಲಿರುವುದು ಕಂದಕ. ಈ ಕಾರಣಕ್ಕೆ ಪರಿವರ್ತಿಸಿದ ಸಾಮಾನ್ಯ ಚಕ್ರವನ್ನು ಘಟ್ಟದ ಇಳಿಜಾರಿಗೆ ಒಯ್ಯುವವರು ಡಿಸ್ಕ್ ಬ್ರೇಕಿನವರಾಗಿರಲಿ ಎಂದು ಒತ್ತಾಯದಿಂದಲೇ ಹೇಳುತ್ತೇನೆ. ಅವರೂ ಮೊದಲು ಸಮತಟ್ಟಾದ ದಾರಿಯಲ್ಲಿ ಕೆಲವು ದಿನ ಓಡಿಸಿ, ಗಾಳಿ ನಿಲ್ಲುತ್ತದೆ ಎಂದು ಖಾತ್ರಿಪಡಿಸಿಕೊಂಡೇ ಹೋಗಬೇಕು. ಒತ್ತಡವನ್ನು ಕಡಿಮೆ ಮಾಡುವ ಉತ್ಸಾಹಕ್ಕೂ ಮಿತಿ ಬೇಕು. ತೀರ ತಗ್ಗಿಸಿದರೆ ತಿರುವಿನಲ್ಲಿ ಬೀಡ್ ಒಂದು ಕ್ಷಣ ಬಾಯಿಬಿಟ್ಟು ಭುಸ್ಸೆಂದು ಗಾಳಿ ಕಳೆದುಕೊಳ್ಳುತ್ತದೆ.

ಸೀಲಂಟ್ ಒಮ್ಮೆ ಹಾಕಿ ಮರೆಯುವ ವಸ್ತುವಲ್ಲ. ಎರಡರಿಂದ ಆರು ತಿಂಗಳೊಳಗೆ ಅದು ಒಣಗಿ ಟೈರಿನ ಒಳಮೈಗೆ ಪೊರೆಯಾಗಿ ಅಂಟಿಕೊಳ್ಳುತ್ತದೆ. ಕಡೂರಿನ ಏಪ್ರಿಲ್ ಬಿಸಿಲಿನಲ್ಲಿ ಬೇಗ, ಮಲೆನಾಡಿನ ತಂಪಿನಲ್ಲಿ ತಡವಾಗಿ. ಚಕ್ರವನ್ನು ಕಿವಿಯ ಹತ್ತಿರ ಅಲುಗಾಡಿಸಿದಾಗ ದ್ರವದ ಸದ್ದು ಬರದಿದ್ದರೆ ಮರುಪೂರಣ ಮಾಡಬೇಕು. ದೂರದ ಸವಾರಿಗೆ ಒಂದು ಟ್ಯೂಬ್, ತೂತಿಗೆ ಚುಚ್ಚುವ ರಬ್ಬರ್ ಬತ್ತಿ, ಒಂದು ಪಂಪ್ ಜೊತೆಗಿರಲೇಬೇಕು. ಮುಳ್ಳುತಂತಿ ಟೈರಿನ ಪಕ್ಕವನ್ನು ಸೀಳಿದರೆ ಯಾವ ದ್ರವವೂ ನಿಲ್ಲಿಸಲಾರದು. ಆಗ ಒಳಗೆ ಟ್ಯೂಬ್ ಹಾಕಬೇಕಾಗುತ್ತದೆ. ಅದಕ್ಕೆ ಮೊದಲು ಟೈರಿನ ಒಳಮೈಯನ್ನು ನಿಧಾನವಾಗಿ ಕೈಯಿಂದ ಸವರಿ ನೋಡಿ. ಬಯಲುಸೀಮೆಯಲ್ಲಿ ಓಡಿದ ಟೈರಿನೊಳಗೆ ಜಾಲಿಮುಳ್ಳಿನ ಮೊನೆಗಳು ಸಾಲಾಗಿ ಇಣುಕುತ್ತಿರುತ್ತವೆ, ಪ್ರತಿಯೊಂದರ ತಲೆಯ ಮೇಲೂ ಸಾಸಿವೆ ಗಾತ್ರದ ಒಂದು ಬಿಳಿ ರಬ್ಬರ್ ಗಂಟು. ಟ್ಯೂಬ್ ಇಲ್ಲದಾಗ ಸುಮ್ಮನಿದ್ದ ಆ ಮುಳ್ಳುಗಳನ್ನು ಕೀಳದೆ ಟ್ಯೂಬ್ ಹಾಕಿದರೆ ಅದು ನೂರು ಮೀಟರ್ ಕೂಡ ಹೋಗುವುದಿಲ್ಲ.

ಇಷ್ಟೆಲ್ಲ ಬರೆಯುವಾಗ ನನ್ನನ್ನು ಕಾಡುವ ಸಂಗತಿಯೊಂದಿದೆ. ಪಂಕ್ಚರಿನಿಂದ ನಿಜವಾಗಿ ದಿನಗೂಲಿಯನ್ನೋ ತರಗತಿಯನ್ನೋ ಕಳೆದುಕೊಳ್ಳುವವರು ಉಕ್ಕಿನ ರಿಮ್ಮಿನ ಸೈಕಲ್ ತುಳಿಯುವವರು: ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವವರು, ತೋಟದ ಕೆಲಸದವರು, 2006–07ರಿಂದ ಸರ್ಕಾರ ಎಂಟನೆಯ ತರಗತಿಗೆ ಕೊಡುತ್ತ ಬಂದಿದ್ದ ಸೈಕಲ್ಲನ್ನು ಅಕ್ಕನಿಂದ ತಂಗಿಗೆ ದಾಟಿಸಿ ಇನ್ನೂ ಓಡಿಸುತ್ತಿರುವ ಮನೆಗಳ ಮಕ್ಕಳು. ಆ ರಿಮ್ ಯಾವ ಟೇಪಿಗೂ ಒಗ್ಗುವುದಿಲ್ಲ, ಅದನ್ನು ಟ್ಯೂಬ್‌ಲೆಸ್ ಮಾಡಿಕೊಡುತ್ತೇನೆಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಅವರಿಗೆ ಇದೇ ಸೀಲಂಟಿನ ಉಪಯೋಗ ಇನ್ನೊಂದು ರೀತಿಯಲ್ಲಿ ಆಗುತ್ತದೆ. ನಮ್ಮ ಸಾಧಾರಣ ಸೈಕಲ್ಲಿನ ವಾಲ್ವಿನಲ್ಲಿ ಮೇಲಿನ ನಟ್ಟನ್ನು ತಿರುಗಿಸಿದರೆ ವಾಲ್ವ್ ಟ್ಯೂಬ್ ಸಿಕ್ಕಿಸಿದ ಒಳಕಡ್ಡಿ ಪೂರ್ತಿ ಹೊರಬರುತ್ತದೆ. ಆ ದಾರಿಯಲ್ಲಿ ಸೂಜಿಯಿಲ್ಲದ ಸಿರಿಂಜಿನಿಂದ ಟ್ಯೂಬಿನೊಳಗೇ ಸೀಲಂಟ್ ಹಾಕಬಹುದು. ಮುಳ್ಳಿನ ಸಣ್ಣ ತೂತುಗಳನ್ನು ಅದು ಮುಚ್ಚುತ್ತದೆ, ಜೋಡಿ ಸೀಳನ್ನು ಮುಚ್ಚುವುದಿಲ್ಲ. ಹಾಕಿದ ಮೇಲೆ ವಾಲ್ವಿನ ಕೊಳವೆಯನ್ನು ಒರೆಸಿ ಹೊಸ ವಾಲ್ವ್ ಟ್ಯೂಬ್ ಸಿಕ್ಕಿಸಬೇಕು, ಇಲ್ಲದಿದ್ದರೆ ಅಂಟಿಕೊಂಡು ಗಾಳಿ ಒಳಗೆ ಹೋಗುವುದಿಲ್ಲ. ಇನ್ನೂ ಅಗ್ಗದ ಉಪಾಯವೆಂದರೆ ಟೈರಿಗೂ ಟ್ಯೂಬಿಗೂ ನಡುವೆ ಹಳೆಯ ದಪ್ಪ ಟ್ಯೂಬನ್ನು ಉದ್ದಕ್ಕೆ ಸೀಳಿ ಮಾಡಿದ ಪಟ್ಟಿ ಹಾಸುವುದು. ಪಟ್ಟಿಯ ಎರಡು ತುದಿಗಳು ಒಂದರ ಮೇಲೊಂದು ಬರುವ ಜಾಗದಲ್ಲಿ ಉಜ್ಜುಕಾಗದದಿಂದ ತಿಕ್ಕಿ ಅಂಚನ್ನು ತೆಳುವಾಗಿಸಿ, ಮೇಲೆ ತುಸು ಟಾಲ್ಕಂ ಪೌಡರ್ ಉದುರಿಸಿದರೆ ಆ ಅಂಚು ಹೊಸ ಟ್ಯೂಬನ್ನು ಉಜ್ಜಿ ತೂತು ಮಾಡುವುದಿಲ್ಲ.